ಖಾಲಿ ಟಾಕಿಯ ಲೆಕ್ಕ

ಗಜೇಂದ್ರಗಡದ ಮನೆಗೆ ಬಂದು ಎರಡು ದಿನವಾದರೂ ವಿದ್ಯಾಶ್ರೀ ಒಂದು ಕಡೆ ನೆಟ್ಟಗೆ ಕೂತಿರಲಿಲ್ಲ. ಅಂಗಾಲು ಸುಟ್ಟ ಬೆಕ್ಕಿನಂತೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಮಗ್ಗದ ಕೋಣೆಗೆ, ಅಲ್ಲಿಂದ ಮತ್ತೆ ಪಡಸಾಲೆಗೆ. ಬಂದದ್ದು ತಂಗಿ ಉಮಾಶ್ರೀಯ ಕುಬಸಕ್ಕೆ, ಸೀಮಂತದ ಕಾರ್ಯಕ್ಕೆ. ಏಳು ತಿಂಗಳ ಬಸುರಿಯೇ ಕಾಲು ಚಾಚಿ ಆರಾಮಾಗಿ ಚುರುಮುರಿ ಮೆಲ್ಲುತ್ತಿದ್ದರೆ, ಹೊಟ್ಟೆಯಲ್ಲಿ ಏನೂ ಇಲ್ಲದ ಅಕ್ಕ ಮನೆಯ ನೆಲ ಸವೆಸುತ್ತಿದ್ದಳು. ತಾಯಿ ಸುಶೀಲವ್ವನಿಗೆ ನೋಡಿ ನೋಡಿ ಸಾಕಾಯಿತು. ಹೆರುವವಳು ಯಾರು, ಹೆದರುವವಳು ಯಾರು ಎಂದು ಒಂದೆರಡು ಸಲ ಗೊಣಗಿದಳು.

ವಿದ್ಯಾಶ್ರೀಯ ಕೆಲಸ ರೈಲು ಇಂಜಿನ್ನುಗಳ ವಿನ್ಯಾಸ. ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬೇರೆಯವರ ಕೈಕೆಳಗೆ ಗೆರೆ ಎಳೆದು ಎಳೆದು, ಈಗ ಮೊದಲ ಸಲ ಒಂದು ಇಂಜಿನ್ ಪೂರ್ತಿಯಾಗಿ ಅವಳ ಕೈಗೆ ಬಂದಿತ್ತು. ಗುಡ್ಡ ಹತ್ತುವ ಪುಟ್ಟ ರೈಲಿಗೆ ಡೀಸೆಲ್ ಇಂಜಿನ್. ಹಳಿಯ ಅಗಲ ಎರಡೂವರೆ ಅಡಿ ಮಾತ್ರ; ನಮ್ಮ ಎತ್ತಿನ ಬಂಡಿಯ ಗಾಲಿಗಳ ನಡುವೆಯೂ ಇದಕ್ಕಿಂತ ಹೆಚ್ಚು ಜಾಗವಿರುತ್ತದೆ. ಅಂಥ ಹಳಿಯ ಮೇಲೆ ಒಂಬೈನೂರು ಅಶ್ವಶಕ್ತಿ ಓಡಬೇಕು, ಎಂಟು ಡಬ್ಬಿ ಎಳೆಯಬೇಕು, ಆದರೆ ಗಾಲಿಗಳ ನಾಲ್ಕು ಅಚ್ಚುಗಳಲ್ಲಿ ಯಾವುದರ ಮೇಲೂ ಎಂಟು ಟನ್ನಿಗಿಂತ ಒಂದು ಕಿಲೋ ಜಾಸ್ತಿ ಬೀಳಬಾರದು. ಕೋಣನ ಬಲ ಬೇಕು, ತೂಕ ಮಾತ್ರ ಕುರಿಯಷ್ಟಿರಬೇಕು ಎಂದರೆ ಹೇಗೆ? ವಿದ್ಯಾಶ್ರೀ ಅದನ್ನೂ ಮಾಡಿ ತೋರಿಸಿದ್ದಳು. ಒಂದೊಂದು ತಗಡು, ಒಂದೊಂದು ಬೋಲ್ಟಿನ ತೂಕಕ್ಕೂ ಜಗಳವಾಡಿದ್ದಳು. ಇಂಜಿನ್ನಿನ ಹೊಟ್ಟೆಯ ಕೆಳಗೆ ಜಾಗ ಸಾಲದಾದಾಗ ಡೀಸೆಲ್ ಟಾಕಿಯನ್ನು ಎಡಮಗ್ಗುಲಿಗೆ ಉದ್ದಕ್ಕೆ ಕೂಡಿಸಿ, ಅದಕ್ಕೆ ಸರಿದೂಗುವಂತೆ ಬ್ಯಾಟರಿಗಳನ್ನೂ ಗಾಳಿಯ ಸಿಲಿಂಡರುಗಳನ್ನೂ ಬಲಮಗ್ಗುಲಿಗೆ ಹಾಕಿದಳು. ಎಡಕ್ಕೆ ಹದಿನಾರು ಟನ್, ಬಲಕ್ಕೆ ಹದಿನಾರು ಟನ್. ಮೇಲಿನವರು ಬೆನ್ನು ತಟ್ಟಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಉಕ್ಕಿನ ಹಾಳೆ ಕತ್ತರಿಸಲು ಶುರು. ಒಮ್ಮೆ ಕತ್ತರಿಸಿದರೆ ಮುಗಿಯಿತು, ಬದಲಾಯಿಸುವ ಮಾತಿಲ್ಲ. ಎಲ್ಲ ಸರಿಯಿದೆ ಎಂದು ಸಹಿ ಮಾಡಿಯೇ ಊರಿಗೆ ಹೊರಟಿದ್ದಳು. ಆದರೂ ಒಲೆ ಆರಿಸದೆ ಮನೆಯಿಂದ ಹೊರಬಿದ್ದವಳ ಹಾಗೆ ಒಳಗೆ ತಳಮಳ. ಏನು ಬಿಟ್ಟೆ ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಸುಶೀಲವ್ವ ಅವಳ ಕೈಗೆ ಕುಂಕುಮದ ಭರಣಿ ಕೊಟ್ಟು ಮುಶಿಗೇರಿಗೆ ಅಟ್ಟಿದಳು. ಸೋದರಮಾವನ ಮನೆಯವರನ್ನು ಫೋನಿನಲ್ಲಿ ಕರೆದರೆ ಆಗುವುದಿಲ್ಲ, ಮನೆಯ ಹೆಣ್ಣುಮಗಳೇ ಹೋಗಿ ಕುಂಕುಮ ಹಚ್ಚಿ ಕರೆಯಬೇಕು. ಮಗಳು ಎರಡು ತಾಸು ಕಣ್ಣ ಮುಂದಿನಿಂದ ಆಚೆ ಇದ್ದರೆ ಸಾಕು ಎಂಬುದೂ ಅದರೊಳಗೆ ಸೇರಿತ್ತು.

ಸಿಕ್ಕಿದ್ದು ಮುನಾವರನ ಟಂಟಂ. ಆರು ಮಂದಿ ಕೂಡುವ ಮೂರು ಗಾಲಿಯ ಗಾಡಿಯಲ್ಲಿ ಹತ್ತು ಮಂದಿ, ಎಡಬದಿಗೆ ಜೋಳದ ಎರಡು ಚೀಲ ಬೇರೆ. ಅರ್ಧ ದಾರಿಯಲ್ಲಿ ಚೀಲಗಳೂ ಅವುಗಳ ಯಜಮಾನನೂ ಇಳಿದರು. ಮುನಾವರ ಗಾಡಿ ಬಿಡಲಿಲ್ಲ. ಸುತ್ತಿ ಬಂದು, ಬಲಬದಿಯಲ್ಲಿ ಚೆನ್ನಾಗಿ ಮೈಚೆಲ್ಲಿ ಕೂತಿದ್ದ ಇಬ್ಬರು ಹೆಂಗಸರಿಗೆ ಎಡಕ್ಕೆ ಬರುವಂತೆ ಹೇಳಿದ. ಅವರಲ್ಲೊಬ್ಬಳು ರೇಗಿದಳು. ಕಿಕ್ಕಿರಿದು ತುಂಬಿದಾಗ ಸುಮ್ಮನಿದ್ದವನು ಈಗ ಜಾಗವಾದ ಮೇಲೆ ಯಾಕೆ ಎಬ್ಬಿಸುತ್ತೀ ಎಂದು ಕೇಳಿದಳು.

“ತುಂಬಿದಾಗ ಎಲ್ಲಾ ಗಾಡಿನೂ ಚಲೋನ ಇರತಾವ್ರಿ ಯವ್ವಾ,” ಎಂದ ಮುನಾವರ. “ಖಾಲಿ ಆದಾಗ ನೋಡಬೇಕು. ಮುಂದ ತಿರುವು ಐತಿ.”

ವಿದ್ಯಾಶ್ರೀ ಜೋಳದ ಚೀಲಗಳಿದ್ದ ಜಾಗವನ್ನೇ ನೋಡಿದಳು. ಟಾಕಿ ತುಂಬಿದ್ದಾಗ ಹದಿನಾರು, ಹದಿನಾರು. ಖಾಲಿಯಾದಾಗ?

ಮುಶಿಗೇರಿಯಲ್ಲಿ ಅತ್ತೆಗೆ ಎರಡೆರಡು ಸಲ ಕುಂಕುಮ ಹಚ್ಚಿ, ಮಾವನಿಗೆ ಕರೆ ಹೇಳುವುದನ್ನೇ ಮರೆತು, ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಓಡಿಬಂದಳು. ಗೋಡೆಯ ಹಳೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಲೆಕ್ಕ ಹಾಕಿದಳು. ಡೀಸೆಲ್ಲು ಸಾವಿರದ ಇನ್ನೂರು ಕಿಲೋ. ಟಾಕಿ ಹಳಿಯಿಂದ ಆಚೆಗೆ ತೂಗುವುದರಿಂದ ಅದು ಬರಿದಾದರೆ ಎಡಗಾಲಿಗಳು ಹಗುರಾಗುವುದಷ್ಟೇ ಅಲ್ಲ, ಬಲಗಾಲಿಗಳ ಮೇಲೆ ಭಾರ ಏರುತ್ತದೆ. ಎರಡರ ನಡುವೆ ಎರಡು ಟನ್ನಿಗೂ ಮಿಕ್ಕಿದ ಅಂತರ, ಸಹಿಸಬಹುದಾದದ್ದರ ಎರಡರಷ್ಟು. ಬೆಳಿಗ್ಗೆ ತುಂಬಿದ ಟಾಕಿಯೊಂದಿಗೆ ಗುಡ್ಡ ಹತ್ತಿದ ಇಂಜಿನ್ ಸಂಜೆ ಖಾಲಿ ಟಾಕಿಯೊಂದಿಗೆ ಇಳಿಯುತ್ತದೆ. ಬಲಕ್ಕೆ ತಿರುಗುವ ಬಿಗಿ ತಿರುವಿನಲ್ಲಿ ಆ ಹಗುರ ಎಡಗಾಲಿ ಹಳಿಯನ್ನು ಹತ್ತಿ ಆಚೆ ದಾಟಬಹುದು. ಆಚೆಗಿರುವುದು ಪ್ರಪಾತ.

ಮೂರು ಸಲ ಕೂಡಿಸಿದರೂ ಅದೇ ಬಂತು. ಎಂಟು ಟನ್ ಮೀರಬಾರದೆಂಬ ಒಂದೇ ಗುಂಗಿನಲ್ಲಿ ಇಡೀ ತಂಡ ತುಂಬಿದ ಇಂಜಿನ್ನನ್ನು ಮಾತ್ರ ತೂಗಿತ್ತು. ಇಡೀ ತಂಡ ಎನ್ನುವಂತಿಲ್ಲ, ಒಬ್ಬಳು ಕೇಳಿದ್ದಳು. ನರಗುಂದದ ಹುಡುಗಿ ನಜ್ಮಾ. ನಮ್ಮ ಕಡೆಯವಳೆಂದು ವಿದ್ಯಾಶ್ರೀಯೇ ಅಕ್ಕರೆಯಿಂದ ತಂಡಕ್ಕೆ ಸೇರಿಸಿಕೊಂಡವಳು. ಟಾಕಿ ಅರ್ಧವಾದಾಗ ಏನಾಗುತ್ತದೆ ಎಂದು ಎರಡು ತಿಂಗಳ ಹಿಂದೆ ಎಲ್ಲರ ಎದುರು ಕೇಳಿದ್ದಳು. ಮೊದಲು ಕೂಡಿಸುವುದು ಕಲಿ, ಕಳೆಯುವುದು ಆಮೇಲೆ ಎಂದು ವಿದ್ಯಾಶ್ರೀ ಹೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಅದು ನೆನಪಾಗಿ ಈಗ ಅವಳ ಮುಖ ಕಿವಿಯವರೆಗೂ ಬಿಸಿಯಾಯಿತು.

ಇನ್ನು ಹೇಳಬೇಕೋ ಬೇಡವೋ? ಹೇಳಿದರೆ ಕೆಲಸ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ, ಹನ್ನೊಂದು ವರ್ಷಕ್ಕೆ ಸಿಕ್ಕ ಇಂಜಿನ್ ಕೈತಪ್ಪುತ್ತದೆ. ಸುಮ್ಮನಿದ್ದು, ಟಾಕಿ ಸದಾ ಅರ್ಧಕ್ಕಿಂತ ಮೇಲಿರಲಿ ಎಂದು ಇಂಜಿನ್ ಓಡಿಸುವವರಿಗೆ ಕೊಡುವ ಪುಸ್ತಕದಲ್ಲಿ ಒಂದು ಸಾಲು ಬರೆದುಬಿಟ್ಟರೆ? ಬರೆದ ಸಾಲನ್ನು ಓದುವವರು ಯಾರು ಎಂಬುದೂ ಅವಳಿಗೆ ಗೊತ್ತು. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಮತ್ತೆ ನಡೆದಳು, ಪಡಸಾಲೆ, ಅಂಗಳ, ಮಗ್ಗದ ಕೋಣೆ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಮಹಾದೇವಪ್ಪ ಉಮಾಶ್ರೀಯ ಕುಬಸದ ಹಸಿರು ಸೀರೆ ನೇಯುತ್ತಿದ್ದ. ಒಡಲಿನ ನಡುವೆ ಒಂದು ಕಡೆ ನಾಲ್ಕೈದು ಎಳೆ ತಪ್ಪಿದ್ದು ವಿದ್ಯಾಶ್ರೀಗೆ ಕಂಡಿತು. ನೇಕಾರರ ಮನೆಯ ಮಗಳ ಕಣ್ಣು, ಕಾಣದೆ ಇರುತ್ತದೆಯೇ? ಬಿಚ್ಚುವುದಿಲ್ಲವೇ ಎಂದು ಕೇಳಿದಳು.

“ಯಾಕ ಬಿಚ್ಚಲಿ? ನಿರಿಗಿಯೊಳಗ ಹೋಗತೈತಿ, ಯಾರಿಗೂ ಕಾಣಂಗಿಲ್ಲ,” ಎಂದ ಅಪ್ಪ, ಕೈ ನಿಲ್ಲಿಸದೆ. “ನಲವತ್ತ ವರ್ಷ ಹಿಂಗ ಮಾಡೇನಿ.”

ಅವಳ ಹೆಗಲಿನಿಂದ ಒಂದು ಮೂಟೆ ಇಳಿದಂತಾಯಿತು. ಅಪ್ಪನಂಥ ಅಪ್ಪನೇ ಹೀಗೆನ್ನುವಾಗ ತನ್ನದೇನು ಮಹಾ ಎನಿಸಿತು. ಆ ಹಗುರದಲ್ಲೇ ಕುಣಿಯ ದಂಡೆಗೆ ಕೂತು, ಎರಡು ದಿನದಲ್ಲಿ ಮೊದಲ ಸಲ ನೆಟ್ಟಗೆ ಕೂತು, ಟಾಕಿಯ ಕಥೆಯನ್ನೆಲ್ಲ ಹೇಳಿದಳು. ಗುಡ್ಡ, ತಿರುವು, ಎಡಗಾಲಿ, ಪುಸ್ತಕದ ಒಂದು ಸಾಲು. ಮಹಾದೇವಪ್ಪನ ಲಾಳಿ ನಿಂತಿತು.

“ಇದು ಸೀರಿ, ಯವ್ವಾ. ಇದರಾಗ ಕುಂತು ಯಾರೂ ಗುಡ್ಡಾ ಇಳಿಯಂಗಿಲ್ಲ.”

ಅಷ್ಟೇ ಹೇಳಿ ಮತ್ತೆ ನೇಯತೊಡಗಿದ. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ವಿದ್ಯಾಶ್ರೀ ಎದ್ದು ಅಂಗಳಕ್ಕೆ ಹೋಗಿ, ಧೈರ್ಯ ಕರಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಫೋನು ಹಚ್ಚಿದಳು.

ಅವರು ಪೂರ್ತಿ ಕೇಳಿಸಿಕೊಂಡರು. ಬಯ್ಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಸೋಮವಾರದ ಕೆಲಸ ನಿಲ್ಲಿಸಲು ಹೇಳುತ್ತೇನೆ ಎಂದರು. ಮತ್ತೆ, ಇಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದರೆ ತಪ್ಪು ಎಲ್ಲರ ಮೇಲೆ ಹಂಚಿಹೋಗುತ್ತಿತ್ತು. ನಾಲಿಗೆಯ ತುದಿಗೆ ಅದು ಬಂದೂ ಇತ್ತು. ನಜ್ಮಾ ಕೇಳಿದ್ದಳು, ನಾನೇ ಬಾಯಿ ಮುಚ್ಚಿಸಿದೆ ಎಂದಳು ವಿದ್ಯಾಶ್ರೀ. ಮುಖ್ಯಸ್ಥರು, ಹಾಗಾದರೆ ಇನ್ನು ಮುಂದೆ ಇಂಜಿನ್ ನಜ್ಮಾಳದು, ಬಂದ ಕೂಡಲೇ ಕಡತಗಳನ್ನು ಅವಳಿಗೆ ಒಪ್ಪಿಸಿ ಎಂದು ಫೋನಿಟ್ಟರು. ಹನ್ನೊಂದು ವರ್ಷ ಎರಡು ನಿಮಿಷದಲ್ಲಿ ಮುಗಿದುಹೋಯಿತು. ಅಳು ಬಂತು. ಸುಶೀಲವ್ವ ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು.

ಕಣ್ಣೊರೆಸಿಕೊಂಡು ನಜ್ಮಾಳಿಗೆ ಫೋನು ಮಾಡಿದಳು. ನೀ ಕೇಳಿದ್ದೇ ಸರಿ, ನಾನು ನಿನ್ನನ್ನು ಅವತ್ತು ನಗೆಗೀಡು ಮಾಡಬಾರದಿತ್ತು ಎಂದಳು. ಮುಖ್ಯಸ್ಥರು ಹೇಳಿದ್ದನ್ನೂ ತಿಳಿಸಿದಳು. ನಜ್ಮಾ, ಟಾಕಿಯನ್ನು ಎರಡು ಹೋಳು ಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕಿದ ನಕ್ಷೆ ತನ್ನ ಹತ್ತಿರ ಇದೆ ಎಂದಳು. ಅವತ್ತೇ ಮನೆಗೆ ಹೋಗಿ ಬರೆದಿದ್ದಳಂತೆ.

“ಮತ್ತ ಯಾಕ ತೋರಿಸಲಿಲ್ಲ?”

“ಅಂಜಿಕಿರಿ ಮೇಡಂ.” ನಜ್ಮಾಳ ದನಿ ಸಣ್ಣದಾಯಿತು. “ಇಂಜಿನ್ ಮೊದಲ ಸಲ ಗುಡ್ಡಕ್ಕ ಹೋಗೋ ದಿನ ತಂಡದಾವರೆಲ್ಲಾ ಅದರಾಗ ಕೂಡಬೇಕಲ್ರಿ. ಆ ದಿನಕ್ಕ ನಾ ಆಗಲೇ ರಜಾ ಬರದು ಕೊಟ್ಟೇನಿ.”

ಉರುಳಬಹುದಾದ ಇಂಜಿನ್ನಿಗಿಂತ ವಿದ್ಯಾಶ್ರೀಯ ಬಾಯಿಗೇ ಆ ಹುಡುಗಿ ಹೆಚ್ಚು ಹೆದರಿದ್ದಳು. ಎರಡು ತಿಂಗಳು ದಿನವೂ ಎದುರಿನ ಕುರ್ಚಿಯಲ್ಲಿ ಕೂತು, ನಮಸ್ಕಾರ ಮೇಡಂ ಎನ್ನುತ್ತಾ, ಸಾಯದಿರಲು ಒಂದು ದಿನದ ರಜೆ ಕೇಳಿಕೊಂಡಿದ್ದಳು. ಉಳಿದವರೆಲ್ಲ ಕೂತು ಹೋಗುತ್ತಿದ್ದರು.

“ರಜಾ ವಾಪಸ್ ತಗೋ, ನಜ್ಮಾ,” ಎಂದಳು ಕೊನೆಗೆ.

“ನೀವೂ ಕೂಡತೀರೇನ್ರಿ?”

“ಲೆಕ್ಕಾ ನೀ ಮಾಡಿದ್ರ ಕೂಡತೇನಿ,” ಎಂದಳು ವಿದ್ಯಾಶ್ರೀ.