ಕ್ರಿಸ್ಪಿನ್‌ನ ಆಚೆ ಹೆಗಲು

ಗೋಲಿನ ಸುಣ್ಣದ ಗೆರೆ ಅಳಿಸಿಹೋಗಿದೆ, ಬಲಗಾಲಿನ ಹತ್ತಿರ ಒಂದಿಷ್ಟು ಬಿಳಿ ಉಳಿದಿದೆ ಅಷ್ಟೆ, ನಮ್ಮೂರು ಮತೆವಾಲಾದ ಈ ಗಾಳಿ ಯಾವುದನ್ನೂ ನೆಲದ ಮೇಲೆ ಇರಗೊಡುವುದಿಲ್ಲ, ಕಣ್ಣಲ್ಲಿ ಮಣ್ಣು, ಹಲ್ಲಲ್ಲಿ ಮಣ್ಣು — ಗೆರೆ ಬಿಟ್ಟು ಮುಂದೆ ಬರಬೇಡ ಎಂದು ರೆಫ್ರಿ ಬೆರಳು ಆಡಿಸುತ್ತಿದ್ದಾನೆ, ಬರುವುದಿಲ್ಲ ಮಹರಾಯ, ಎಲ್ಲಿಗೆಂದು ಬರಲಿ. ಪೆನಾಲ್ಟಿ. ಆಟ ಇನ್ನೇನು ಮುಗಿಯಿತು ಎನ್ನುವಾಗ ನಮ್ಮ ನೇತೊ ಅವರ ಹುಡುಗನಿಗೆ ಕಾಲು ಕೊಟ್ಟು ಬೀಳಿಸಿದ, ಇದು ಒಳಗೆ ಹೋದರೆ ಪ್ಲೇಆಫ್ ಇಲ್ಲ, ನನಗಂತೂ ಮುಂದೆ ಏನೂ ಇಲ್ಲ, ಬೆಳಿಗ್ಗೆಯೇ ಮೇಷ್ಟ್ರು, ನಮ್ಮ ಕೋಚು, ಎಲ್ಲರೆದುರು ಬೈದರು, ಹೆರಿಬೆರ್ತೊ, ಇವತ್ತೂ ಕಂಬದ ಥರ ನಿಂತ್ಕೊಂಡ್ರೆ ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗು, ಕ್ರಿಸ್ಪಿನ್ ಸತ್ತ ಅಂತ ನೀನೂ ಸತ್ತೋದೆಯೇನೋ? ಎರಡನೇ ದರ್ಜೆಯ ಲೀಗು ನಮ್ಮದು, ಗೆದ್ದವರನ್ನು ಮೇಲಕ್ಕೆ ಕರೆಯುವುದಿಲ್ಲ, ಸೋತವರನ್ನು ಕೆಳಕ್ಕೆ ತಳ್ಳುವುದೂ ಇಲ್ಲ, ಲೋ ಹೆರಿ, ನಾವು ಬದುಕಿಯೂ ಇಲ್ಲ ಸತ್ತೂ ಇಲ್ಲ ಕಣೋ, ಎಂದು ನಗುತ್ತಿದ್ದ ಕ್ಯಾಪ್ಟನ್ ಕ್ರಿಸ್ಪಿನ್, ಆಗಸ್ಟಿನಲ್ಲಿ ಪ್ರಾಕ್ಟೀಸಿಗೆ ಮುಂಚೆ ಬೂಟಿನ ದಾರ ಕಟ್ಟಲು ಬಾಗಿದವನು ಮತ್ತೆ ತಲೆ ಎತ್ತಲಿಲ್ಲ, ಹೃದಯ ಎಂದರು ಡಾಕ್ಟರು, ನಾನು ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ, ಇಷ್ಟೊತ್ತು ಯಾವ ಗಂಟು ಹಾಕ್ತಿದೀಯೋ ಎಂದು ತಮಾಷೆ ಬೇರೆ ಮಾಡಿದೆ.

ಸತ್ತವರ ಹಬ್ಬಕ್ಕೆ ಅವನ ತಾಯಿ ದೋನ್ಯಾ ಒಬ್ದೂಲಿಯಾ ಬಂದು ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲೇ ಮಗನಿಗೆ ಎಡೆ ಇಟ್ಟರು, ಚೆಂಡುಹೂ, ಮೇಣದಬತ್ತಿ, ಅವನಿಗಿಷ್ಟದ ತಮಾಲೆ ಕಡುಬು, ನಡುವೆ ಫೋಟೊ — ಫೋಟೊದಲ್ಲಿ ಇಬ್ಬರು, ಅವನು, ಅವನ ಹೆಗಲು ತಬ್ಬಿಕೊಂಡ ನಾನು. ಬದುಕಿರುವವರ ಮುಖ ಅಲ್ಲಿಡಬಾರದು, ಹಾಲು ಕುಡಿಯುವ ಮಗುವಿಗೂ ಗೊತ್ತು ನಮ್ಮಲ್ಲಿ, ಹಬ್ಬ ಮುಗಿಸಿ ಹೊರಟ ಸತ್ತವರು ಗುರುತು ಹಿಡಿದು ಜೊತೆಗೆ ಕರೆದೊಯ್ಯುತ್ತಾರೆ, ಅಮ್ಮಾ, ಇದ್ರಲ್ಲಿ ನಾನೂ ಇದೀನಲ್ಲ ಎಂದೆ, ಏನ್ಮಾಡ್ಲಪ್ಪ, ಅವನು ನಗ್ತಿರೋದು ಇದೊಂದ್ರಲ್ಲೇ. ಹಬ್ಬ ಕಳೆದರೂ ತೆಗೆಯಲಿಲ್ಲ, ಸೀಸನ್ ಮುಗಿಯೋತನಕ ಇರ್ಲಿ, ನನ್ಮಗ ಅರ್ಧಕ್ಕೇ ಎದ್ದೋಗೋನಲ್ಲ. ನನ್ನ ಮುಖದ ಮುಂದೆಯೇ ಹಾದು ಮೈದಾನಕ್ಕಿಳಿಯಬೇಕು, ಅವತ್ತಿನಿಂದ ಮೈ ನನ್ನದಲ್ಲ, ಚೆಂಡು ಹೋದ ಮೇಲೆ ಬೀಳುತ್ತೇನೆ, ಭಯ, ಹೌದು ಭಯವೇ, ಹೆಂಡತಿಗೂ ಹೇಳಿಲ್ಲ. ಇವತ್ತು ಅಮ್ಮ ಹೂ ಬದಲಿಸಲು ಬಂದಿದ್ದಾಗ ತಡೆಯಲಾಗದೆ ಬ್ಯಾಂಡೇಜಿನ ಕತ್ತರಿ ತಂದೆ, ಕತ್ತರಿಸ್ಲಾ ಅಮ್ಮಾ, ಕತ್ತರಿಸ್ಕೊಳಪ್ಪ, ನೀನು ಬದುಕ್ಬೇಕಲ್ಲ, ಆದ್ರೆ ನನ್ಮಗನಿಗೆ ಒಂದು ಗೀರೂ ಬೀಳ್ಬಾರ್ದು ನೋಡು. ಇಬ್ಬರ ನಡುವೆ ನೇರ ಕತ್ತರಿಸಿದೆ, ಫೋಟೊದಿಂದ ಹೊರಬಂದೆ, ಕಿವಿ, ಬಾಯಿ, ಬಲಗೈ ಎಲ್ಲ — ಎಡಗೈ ಮಾತ್ರ ಅವನ ಬೆನ್ನ ಹಿಂದಿನಿಂದ ಹಾದು ಆಚೆ ಹೆಗಲ ಮೇಲೆ ಕೂತಿತ್ತು, ಅದನ್ನು ತೆಗೆಯಬೇಕಾದರೆ ಅವನ ಹೆಗಲನ್ನೇ ಕತ್ತರಿಸಬೇಕು, ಅಮ್ಮ ನೋಡುತ್ತಾ ನಿಂತಿದ್ದರು, ಬಿಟ್ಟುಬಂದೆ. ಮೈಗೆ ಬಿಸಿ ಮರಳಿತು, ಎಡಗೈಗೆ ಬರಲಿಲ್ಲ.

ತಾತಾ, ಯಾವ ಕಡೆ ಹಾಕ್ಲಿ ಹೇಳು, ಎಂದು ಹಲ್ಲು ಕಿರಿಯುತ್ತಾನೆ ಅವರ ಒಂಬತ್ತನೇ ನಂಬರು, ಮೊನ್ನೆ ಮೀಸೆ ಬಂದವನು, ಶಿಳ್ಳೆ, ಓಡಿ ಬಂದ, ಸೊಂಟ ತಿರುಗಿತು, ನನ್ನ ಎಡಕ್ಕೆ, ಎಡಕ್ಕೇ ಯಾಕೋ ಪಾಪಿ, ಹಾರಿದೆ — ಗದ್ದಲ, ಕಂಬದಾಚೆ ಉರುಳುತ್ತಿರುವ ಚೆಂಡು, ನೇತೊ ಮೈಮೇಲೆ ಬಿದ್ದು ಅಳುತ್ತಿದ್ದಾನೆ, ನನ್ನಪ್ಪಾ, ಎಡಗೈಲಿ ತಳ್ಬಿಟ್ಯಲ್ಲೋ, ನನ್ನ ಮಾನ ಉಳಿಸ್ಬಿಟ್ಯಲ್ಲೋ, ತಳ್ಳಿದೆನೇ, ಚೆಂಡು ತಾಗಿದ್ದೇ ಗೊತ್ತಾಗಲಿಲ್ಲ, ಗ್ಲೌಸಿನೊಳಗೆ ಅಂಗೈಗೆ ತಾಗಿದ್ದು ಬೆವರಿನಿಂದ ಒದ್ದೆಯಾದ ಅಂಗಿ, ಅಂಗಿಯಡಿ ಮೂಳೆ, ಬೆಚ್ಚಗೆ, ಏಳೋ ಏಳೋ ಎನ್ನುತ್ತಿದ್ದಾರೆ, ಬೆರಳು ಬಿಡಿಸಲು ಆಗುತ್ತಿಲ್ಲ, ಕ್ರಿಸ್ಪಿನ್‌ನ ಆಚೆ ಹೆಗಲು, ಅದರ ಮೇಲೆ ನನ್ನ ಐದು ಬೆರಳು, ಹೆಗಲು, ಬೆರಳು — ಹೆಗಲು ನಡೆಯತೊಡಗಿದೆ.