ಹುಳದ ಮನೆಯಲ್ಲಿ ಆಡಬಾರದ ಮಾತು

ಈ ಕಥೆಯನ್ನು ಮೊದಲು ಹೇಳಿದವರು ಸಾದಲಿಯ ಅಶ್ವತ್ಥಮ್ಮ. ೧೯೬೪ರ ಪುಷ್ಯಮಾಸದ ಒಂದು ಮಧ್ಯಾಹ್ನ, ಅವರೆಕಾಯಿ ಸುಲಿಯಲು ನೆರೆದಿದ್ದ ಏಳೆಂಟು ಹೆಂಗಸರ ನಡುವೆ. ನಡೆದದ್ದು ಅದಕ್ಕೆ ಒಂಬತ್ತು ವರ್ಷ ಹಿಂದೆ, ಅದೇ ಊರಿನ ಮುನಿವೆಂಕಟಪ್ಪನ ಮನೆಯಲ್ಲಿ.

ಆ ಮನೆಯವರದು ರೇಷ್ಮೆಹುಳು ಸಾಕಣೆ. ಹುಳು ನಾಲ್ಕನೆಯ ಪೊರೆ ಬಿಟ್ಟು ಎದ್ದಿತೆಂದರೆ, ಗೂಡು ಕಟ್ಟುವವರೆಗೆ ಎಂಟು ದಿನ ಹಗಲಿರುಳೆನ್ನದೆ ಮೇಯುತ್ತದೆ. ಆ ಎಂಟು ದಿನ ಮನೆಯವರು ಯಾರೂ ಹಗಲಿನಲ್ಲಿ ನೆಲಕ್ಕೆ ಬೆನ್ನು ತಾಗಿಸುವಂತಿರಲಿಲ್ಲ. ಹುಳದ ಮನೆಯೊಳಗೆ ಕೆಲವು ಮಾತುಗಳನ್ನು ಆಡುವಂತೆಯೂ ಇರಲಿಲ್ಲ: ಸೋಮಾರಿ, ಮೈಗಳ್ಳ, ಸುಸ್ತು, ಆಕಳಿಕೆ, ಪುರಸೊತ್ತು. ಕೇಳಿಸಿಕೊಂಡರೆ ಹುಳು ಅದೇ ಗುಣ ಹಿಡಿದು ಮೇವು ಬಿಡುತ್ತದೆಂಬ ನಂಬಿಕೆ. ಬಾಯಿ ಜಾರಿದವರು ಆ ಕ್ಷಣವೇ ಹೊರಗೆ. ಗೂಡು ಬಿಡಿಸುವವರೆಗೆ ಹಿಪ್ಪುನೇರಳೆ ಸೊಪ್ಪು, ಹುಳದ ತಟ್ಟೆ, ಒಲೆ ಯಾವುದನ್ನೂ ಮುಟ್ಟುವಂತಿಲ್ಲ.

ಸೊಸೆ ರಾಮಲಕ್ಷ್ಮಮ್ಮ ಆಗ ಏಳು ತಿಂಗಳ ಬಸುರಿ. ಹಿಂದಿನ ವರ್ಷ ಇಂಥದೇ ಎಂಟು ದಿನಗಳಲ್ಲಿ, ಸೊಪ್ಪಿನ ಮಂಕರಿ ಹೊತ್ತೂ ಹೊತ್ತೂ, ಅವಳ ಚೊಚ್ಚಲು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲವೂ ಕಾಲು ಬಾತು, ಸೊಂಟದ ನೋವು ಕೆಳಗಿಳಿಯತೊಡಗಿತ್ತು. ಮಲಗಿರದಿದ್ದರೆ ಇದೂ ದಕ್ಕುವುದಿಲ್ಲವೆಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಬಸುರಿ ಮಲಗಿದರೆ ಹುಳವೂ ಮಲಗುತ್ತದೆ, ತನ್ನ ತಾಯಿ ಹೊಲದಲ್ಲೇ ಹೆತ್ತವಳು ಎಂದು ಮಾವ ಮುನಿವೆಂಕಟಪ್ಪ ಮಾತು ಮುಗಿಸಿದ್ದ. ಅತ್ತೆ ಕದಿರಮ್ಮ ಮಾತ್ರ ಏನೂ ಅಂದಿರಲಿಲ್ಲ. ಆಕೆಯ ನಾಲಿಗೆಯ ಹರಿತ ಊರಿಗೇ ಗೊತ್ತಿತ್ತು. ರಾಮಲಕ್ಷ್ಮಮ್ಮ ಆ ಮೌನಕ್ಕೇ ಹೆಚ್ಚು ಹೆದರಿ, ತುಟಿ ಕಚ್ಚಿಕೊಂಡು ಸೊಪ್ಪು ಹರಡುತ್ತಿದ್ದಳು.

ಮೂರನೆಯ ದಿನ ಹೊತ್ತೇರುವಾಗ ಕದಿರಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಗಂಡನನ್ನು ಬಾಗಿಲಿಗೆ ಕರೆದಳು.

"ನಿನ್ನ ಸೊಸೆ ಆಡಬಾರದ ಮಾತು ಆಡಿದ್ಲು."

ರಾಮಲಕ್ಷ್ಮಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. ಬೆಳಗಿನಿಂದ ಅವಳ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ.

"ಯಾವ ಮಾತೇ?" ಎಂದ ಮುನಿವೆಂಕಟಪ್ಪ.

"ಅದನ್ನ ನಾನೂ ಅಂದು ನಾನೂ ಆಚೆಗೆ ಹೋಗ್ಲಾ? ಸೊಪ್ಪು ಹಾಕಕ್ಕೆ ನೀನು ಬರ್ತೀಯಾ?"

ಆಣೆ ಮಾಡೆಂದ ಅವನು. ಕದಿರಮ್ಮ ಮೇಯುತ್ತಿದ್ದ ಹುಳದ ಮೇಲೆಯೇ ಅಂಗೈ ಚಾಚಿ ಆಣೆ ಮಾಡಿದಳು. ಆ ಸೀಮೆಯಲ್ಲಿ ಹುಳದಾಣೆ ಮಾಡಿ ಸುಳ್ಳಾಡಿದವರನ್ನು ಯಾರೂ ಕಂಡಿರಲಿಲ್ಲ. ತಾನೇ ಮೈಮರೆತು ಏನಾದರೂ ಅಂದೆನೋ ಎಂದು ರಾಮಲಕ್ಷ್ಮಮ್ಮನಿಗೇ ಅನುಮಾನ ಬಂತು.

ಅತ್ತೆ ರಟ್ಟೆ ಹಿಡಿದು ಅವಳನ್ನು ಹಿತ್ತಲ ಕೊಟ್ಟಿಗೆಗೆ ನಡೆಸಿದಳು. ಅಲ್ಲಿ ಗುಡಿಸಿದ ಮೂಲೆಯಲ್ಲಿ ಚಾಪೆ ಹಾಸಿತ್ತು, ಅದರ ಮೇಲೆ ಎರಡು ಕಂಬಳಿ. ಪಕ್ಕದಲ್ಲಿ ನೀರಿನ ಚೊಂಬು, ಮುಚ್ಚಿಟ್ಟ ಮುದ್ದೆ. ಯಾವಾಗ ಅಣಿಮಾಡಿದ್ದೋ!

"ಅತ್ತೆ, ನಾನು ಬಾಯೇ ತೆಗೀಲಿಲ್ವಲ್ಲ."

"ನಂಗೊತ್ತು, ಮಲಕ್ಕೋ. ಹೋದ ವರ್ಷದ್ದನ್ನ ಮಣ್ಣಿಗೆ ಇಟ್ಟಿದ್ದು ಈ ಕೈ ಕಣೇ. ಇನ್ನೊಂದು ಸಲ ಇಡಕ್ಕಾಗಲ್ಲ."

ಇಷ್ಟಂದು, ತಿರುಗಿ ನೋಡದೆ ಒಳಗೆ ಹೋದಳು. ಉಳಿದ ಐದು ದಿನ ಇಬ್ಬರ ಸೊಪ್ಪನ್ನೂ ಒಬ್ಬಳೇ ಹಾಕಿದಳು. ಕೈ ಸಾಲದೆ ಆ ಬೆಳೆಯಲ್ಲಿ ಗೂಡು ಸೊರಗಿತು. ಸೊಸೆಯ ಬಾಯಿಂದಲೇ ಹಾಳಾಯಿತೆಂದು ಊರು ಮಾತಾಡಿ, ಅವಳನ್ನು ಸೋಮಾರಿ ರಾಮಿ ಎಂದೇ ಕರೆಯಿತು. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು, ಬದುಕಿತು. ಅತ್ತೆ ಇರುವವರೆಗೆ ರಾಮಲಕ್ಷ್ಮಮ್ಮ ನಿಜ ಆಡಲಿಲ್ಲ. ಆಡಿದರೆ ಹುಳದ ಮೇಲೆ ಸುಳ್ಳಾಣೆ ಮಾಡಿದ ಮುದುಕಿಯನ್ನು ಯಾವ ಮನೆಯೂ ಹೊಸಿಲೊಳಗೆ ಬಿಡುತ್ತಿರಲಿಲ್ಲ. ಕದಿರಮ್ಮನ ತಿಥಿಯಾದ ಮೇಲೆ ಅಶ್ವತ್ಥಮ್ಮನವರೊಬ್ಬರ ಬಳಿ ಹೇಳಿಕೊಂಡಳು.

ಅಶ್ವತ್ಥಮ್ಮ ಕಥೆ ಮುಗಿಸುವ ಹೊತ್ತಿಗೆ ಅವರೆ ಸುಲಿಯುತ್ತಿದ್ದ ಕೈಗಳು ನಿಂತಿದ್ದವು. ಹಿಂದಿನ ದಿನವಷ್ಟೇ ಬಾವಿಕಟ್ಟೆಯಲ್ಲಿ ರಾಮಲಕ್ಷ್ಮಮ್ಮನನ್ನು ಆ ಹೆಸರಿನಿಂದ ಕರೆದು ನಕ್ಕವರು ಅಲ್ಲಿ ಮೂವರಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಡಿಲ ಸಿಪ್ಪೆ ಕೊಡವಿ, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.