ಹೊದಿಕೆಯ ಮೇಲಿನ ‘ನೇ’

ನಮ್ಮ ಚರ್ಚಿನ ಸಭೆಯಲ್ಲಿ ಯಾರು ತೀರಿಕೊಂಡರೂ ಶವಪೆಟ್ಟಿಗೆಯ ಮೇಲೆ ಒಂದೇ ಹೊದಿಕೆ ಹಾಸುತ್ತಾರೆ. ಉಳ್ಳವರಿಗೂ ಅದೇ, ಇಲ್ಲದವರಿಗೂ ಅದೇ. ಸಮಾಧಿಯ ಹತ್ತಿರ ಹೋದ ಮೇಲೆ ಅದನ್ನು ತೆಗೆದು ಮಡಚಿ ವಾಪಸು ತರುತ್ತಾರೆ. ಪೆಟ್ಟಿಗೆ ಮಾತ್ರ ಮಣ್ಣಿಗೆ ಹೋಗುತ್ತದೆ. ಹಳೆಯ ಹೊದಿಕೆ ಅಂಚಿನಲ್ಲಿ ಪಿಸಿದು, ನಡುವೆ ಇಲಿ ಕಡಿದು, ತೇಪೆ ಹಾಕಲೂ ಜಾಗವಿಲ್ಲದಂತಾದಾಗ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಹೊಸದನ್ನು ಹೊಲಿಯುವ ಕೆಲಸ ನನಗೆ ಒಪ್ಪಿಸಿದರು. ದಪ್ಪನೆಯ ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಕಡುನೀಲಿ ದಾರದಲ್ಲಿ ಹಳೆಯದರಲ್ಲಿದ್ದ ಮಾತೇ: ಯೇಸು ಕ್ರಿಸ್ತನೇ ಕರ್ತನು. ಕರ್ತನೆಂದರೆ ನಮ್ಮಲ್ಲಿ ಒಡೆಯ, ದೇವರು.

ನನಗಿಂತ ಚೆನ್ನಾಗಿ ಕಸೂತಿ ಹಾಕುವವರು ಯಾರಾದರೂ ಇದ್ದರೆ ಎಂದು ನಾನು ಮಾತು ಶುರು ಮಾಡುವಷ್ಟರಲ್ಲಿ ಅವರು ಬಾಗಿಲು ದಾಟಿಯಾಗಿತ್ತು.

ನಮ್ಮ ಹೊಲಿಗೆ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಯ ಕಡೆಗೆ ಕಿಟಕಿ, ಅದರ ಕೆಳಗೆ ನನ್ನ ಮಿಷನ್ನು, ಎದುರಿಗೆ ನಾದಿನಿಯದು, ನಡುವೆ ಬಟ್ಟೆ ಕತ್ತರಿಸುವ ಮೇಜು. ನಾದಿನಿ ನಮ್ಮವರ ತಂಗಿ. ಚಿಕ್ಕಂದಿನಲ್ಲೇ ತಂದೆತಾಯಿ ಹೋದದ್ದರಿಂದ ಅವಳನ್ನು ಅಣ್ಣನೇ ಸಾಕಿದ್ದು. ಅಣ್ಣ ಹೋದ ಮೇಲೂ ಅವಳು ನನ್ನ ಜೊತೆಗೇ ಉಳಿದಳು. ಕಾಜಾ ಹೊಲಿಯುವ ಅವಳ ಕೈಯೂ ಕುಟುಕುವ ಅವಳ ಬಾಯಿಯೂ ಒಂದೇ ಹದದವು. ಚರ್ಚಿಗೆ ಬರುವವಳಲ್ಲ.

ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಿದ್ದಾಗ ಅವಳು ಮೇಜಿನ ಮೇಲೆ ಬಗ್ಗಿ ಓದಿದಳು.

“ಕ್ರಿಸ್ತನೇ. ಆ ‘ನೇ’ ಯಾಕೆ ಅತ್ತಿಗೆ? ‘ಕ್ರಿಸ್ತನು ಕರ್ತನು’ ಅಂದ್ರೆ ಸಾಲದಾ? ದಾರಾನೂ ಉಳಿಯುತ್ತೆ.”

“ಹಳೇದರಲ್ಲಿ ಹಾಗೇ ಇತ್ತು.”

“ಹಳೇದನ್ನ ಇಲಿ ತಿಂತಲ್ಲ.”

“ಇಲಿಯೂ ‘ನೇ’ ಬಿಟ್ಟು ತಿಂದಿದೆ, ನೋಡಿಲ್ಲಿ” ಎಂದು ನಾನು ಹಳೆಯ ಬಟ್ಟೆ ಎತ್ತಿ ತೋರಿಸಿದೆ. ನಿಜವಾಗಿಯೂ ಆ ಅಕ್ಷರ ಉಳಿದಿತ್ತು. ಅವಳು ನಗಲಿಲ್ಲ.

“ಅದು ಬಾಗಿಲಿಗೆ ಹಾಕೋ ಚಿಲಕ ಇದ್ದ ಹಾಗಿದೆ. ‘ಅವನೇ’ ಅಂದ್ರೆ ಬೇರೆ ಯಾರೂ ಅಲ್ಲ ಅಂತ ತಾನೇ? ನೀವೆಲ್ಲ ಒಳಗೆ. ನಮ್ಮಣ್ಣ ಚಿಲಕದ ಆಚೆ.”

ಅವಳು ಹೊಸದೇನನ್ನೂ ಹೇಳಿರಲಿಲ್ಲ. ನಾನು ನನಗೇ ಹೇಳಿಕೊಳ್ಳಲು ಹೆದರುತ್ತಿದ್ದದ್ದನ್ನು ಜೋರಾಗಿ ಹೇಳಿದ್ದಳು, ಅಷ್ಟೆ.

ನಮ್ಮವರು ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದರು. ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಚರ್ಚಿಗೆ ಬಿಟ್ಟು, ಆರಾಧನೆ ಮುಗಿಯುವವರೆಗೆ ಗೇಟಿನ ಹತ್ತಿರವೇ ಪೇಪರು ಓದುತ್ತಾ ಕೂರುತ್ತಿದ್ದರು. ಅಂಗಳದ ನಲ್ಲಿ ಸೋರಿದರೆ ಯಾರೂ ಕರೆಯದಿದ್ದರೂ ವಾಷರ್ ಬದಲಿಸುತ್ತಿದ್ದರು. ಒಳಗೆ ಮಾತ್ರ ಬರುತ್ತಿರಲಿಲ್ಲ. “ನಿನ್ನ ದೇವರು ಒಳ್ಳೆಯವನೇ ಕಣೆ, ನನಗೇನೂ ತಕರಾರಿಲ್ಲ. ಆದರೆ ಒಬ್ಬನೇ ಅಂತೀರಲ್ಲ, ಆ ‘ಏ’ ನನ್ನ ಗಂಟಲಲ್ಲಿ ಇಳಿಯಲ್ಲ” ಎನ್ನುತ್ತಿದ್ದರು. ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಮುಂದೆ ಮಾತಾಡಲು ಬೇಕಾದಷ್ಟು ವರ್ಷಗಳಿವೆ ಎಂದುಕೊಂಡು. ಒಂದು ದಿನ ಯಾರದೋ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ಅವರು ಹೋಗಿಬಿಟ್ಟರು. ಕೊನೆಯ ಮಾತು ಏನಾದರೂ ಇತ್ತೋ, ಕೇಳಿದವರಿಲ್ಲ. ಊರ ಸಾರ್ವಜನಿಕ ಮಸಣದಲ್ಲಿ ಮಣ್ಣು ಮಾಡಿದೆವು. ಅವರ ಮೇಲೆ ಈ ಹೊದಿಕೆ ಬೀಳಲಿಲ್ಲ.

ನಾನು ಚಿಕ್ಕಂದಿನಿಂದ ಕಲಿತದ್ದು, ಇಂದಿಗೂ ನಂಬುವುದು ಇಷ್ಟು: ದಾರಿ ತೋರಿಸಿದ ದೊಡ್ಡವರು ಬಹಳ ಮಂದಿ, ತಾನೇ ದಾರಿ ಎಂದವನು ಯೇಸು ಒಬ್ಬ. ಮಿಕ್ಕವರು ಬಿರುಗಾಳಿ ನಿಲ್ಲಲಿ ಎಂದು ದೇವರಲ್ಲಿ ಬೇಡಿಕೊಂಡರು. ಆತ ಗಾಳಿಗೇ ಅಪ್ಪಣೆ ಕೊಟ್ಟ, ಗಾಳಿ ನಿಂತಿತು. ಮನುಷ್ಯನಾಗಿ ಬಂದ ದೇವರೇ ಆತ. ಇದರಲ್ಲಿ ನನಗೆ ಸಂಶಯ ಬಂದಿರಲಿಲ್ಲ. ಆದರೆ ನಮ್ಮವರು ಹೋದ ಮೇಲೆ, ಸಭೆಯೆಲ್ಲ ಎದ್ದು ನಿಂತು ಈ ಮಾತು ಹೇಳುವಾಗ, ‘ನೇ’ ಬಂದಲ್ಲಿ ನನ್ನ ಸ್ವರ ಇಂಗಿಹೋಗುತ್ತಿತ್ತು. ತುಟಿ ಆಡುತ್ತಿತ್ತು. ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ.

ಅಂಥವಳು ಅದನ್ನು ಹೊಲಿಯಬಹುದೇ? ಈ ಪ್ರಶ್ನೆ ಕಾಡುತ್ತಿದ್ದರೂ ಕೆಲಸ ನಿಲ್ಲಿಸಲಿಲ್ಲ. ಸೀಮೆಸುಣ್ಣದ ಗೆರೆಯ ಮೇಲೆ ಒತ್ತಾಗಿ ದಾರ ತುಂಬುತ್ತಾ ಹೋದೆ. ಎಡದಿಂದ ಹೊಲಿಯುತ್ತಾ ಬರುವಾಗ ಮುಂದಿನ ಅಕ್ಷರಗಳ ಮೇಲೆ ಮಣಿಕಟ್ಟು ಊರುತ್ತದೆ, ಸೀಮೆಸುಣ್ಣ ಅಳಿಸುತ್ತದೆ. ಗೆರೆ ಮಸುಕಾದ ಕಡೆ ಅಭ್ಯಾಸದ ಮೇಲೆ ಕೈ ಓಡಿಸುವುದು ನಮ್ಮ ಕಸುಬಿನಲ್ಲಿ ಮಾಮೂಲು. ಹಾಗೆ ಓಡಿಸಿ, ಸಾಲು ಮುಗಿಸಿ, ಬಟ್ಟೆಯನ್ನು ಮೇಜಿನ ಮೇಲೆ ಹರಡಿದೆ.

ಮೊದಲು ಕಂಡದ್ದು ನಾದಿನಿಗೆ.

“ಅಯ್ಯೋ ಅತ್ತಿಗೆ! ಚಿಲಕ ತೆಗೆದುಬಿಟ್ಟಿದ್ದೀರಿ!”

ನೋಡಿದೆ. ‘ಕ್ರಿಸ್ತನು’ ಎಂದಿತ್ತು. ‘ನೇ’ ಇರಬೇಕಾದಲ್ಲಿ ‘ನು’. ಅದರ ಕೊಂಬು ಎಷ್ಟು ಅಚ್ಚುಕಟ್ಟಾಗಿ ಬಾಗಿತ್ತೆಂದರೆ ಇಡೀ ಸಾಲಿನಲ್ಲಿ ಅದೇ ನನ್ನ ಒಳ್ಳೆಯ ಹೊಲಿಗೆ. ಸೀಮೆಸುಣ್ಣ ಅಳಿಸಿದ್ದರಿಂದ ಹೀಗಾಯಿತೋ, ಕೈಗೇ ಹೀಗೆ ಬೇಕಿತ್ತೋ, ನನಗೆ ಈಗಲೂ ಗೊತ್ತಿಲ್ಲ.

“ಹಾಗೇ ಬಿಡಿ” ಎಂದಳು ನಾದಿನಿ. ಈ ಸಲ ದನಿಯಲ್ಲಿ ಕುಟುಕು ಇರಲಿಲ್ಲ. “ತಪ್ಪು ಅಂತ ಯಾರೂ ಹೇಳೋಕಾಗಲ್ಲ.”

ಕಷ್ಟವಿದ್ದದ್ದು ಅಲ್ಲೇ. ಕಾಗುಣಿತ ತಪ್ಪಿದ್ದರೆ ಆ ಕ್ಷಣವೇ ಬಿಚ್ಚುತ್ತಿದ್ದೆ. ಇದು ತಪ್ಪಲ್ಲ, ಸುಳ್ಳೂ ಅಲ್ಲ. ಕ್ರಿಸ್ತನು ಕರ್ತನು ಹೌದು. ಮಾತು ಸ್ವಲ್ಪ ಚಿಕ್ಕದಾಗಿತ್ತು, ಅಷ್ಟೆ. ಆ ಚಿಕ್ಕ ಮಾತಿನಲ್ಲಿ ನಮ್ಮವರಿಗೂ ಕೂರಲು ಜಾಗವಿದ್ದಂತೆ ತೋರುತ್ತಿತ್ತು.

ಅದೇ ಸಂಜೆ ಅಯ್ಯನವರು ಬಂದರು. ಚರ್ಚಿನ ಗಂಟೆ ಬಾರಿಸುತ್ತಿದ್ದ ಮುದುಕರನ್ನು ನಾವೆಲ್ಲ ಗಂಟೆ ತಾತ ಎನ್ನುತ್ತಿದ್ದೆವು. ಅವರಿಗೆ ಉಸಿರು ಏರಿದೆ, ಹೆಚ್ಚು ದಿನ ಇಲ್ಲ ಎಂದರು ಅಯ್ಯನವರು. ಕನ್ನಡಕ ಏರಿಸಿಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಓದಿದರು: “ಯೇಸು ಕ್ರಿಸ್ತನೇ ಕರ್ತನು. ಭೇಷ್! ತುಂಬಾ ಚೆನ್ನಾಗಿ ಬಂದಿದೆಯಮ್ಮ.”

ಬೆರಳು ‘ನು’ ಮೇಲೆ ಹಾದುಹೋಗಿತ್ತು, ಬಾಯಿ ‘ನೇ’ ಎಂದಿತ್ತು. ವರ್ಷಗಟ್ಟಲೆ ಹೇಳಿದ ಬಾಯಿ ಅದು. ನಾದಿನಿ ನಗು ತಡೆಯಲಾರದೆ ಮಿಷನ್ನಿನ ಮೇಲೆ ಬಗ್ಗಿ ಇಲ್ಲದ ದಾರ ಹುಡುಕತೊಡಗಿದಳು.

ಹೇಳಿಬಿಡಬೇಕೆಂದು ಅವರ ಹಿಂದೆಯೇ ಬಾಗಿಲವರೆಗೆ ಹೋದೆ. ಬಾಯಿಗೆ ಬಂದದ್ದು ಬೇರೆ.

“ಅಯ್ಯನವರೇ, ಒಪ್ಪಿಕೊಳ್ಳದೆ ಹೋದವರ ಗತಿ ಏನು?”

ಯಾರ ಬಗ್ಗೆ ಕೇಳುತ್ತಿದ್ದೇನೆಂದು ಅವರಿಗೆ ತಿಳಿಯಿತು. ಗೇಟಿನ ಹತ್ತಿರ ಕೂರುತ್ತಿದ್ದವರನ್ನು ಅವರೂ ಬಲ್ಲರು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು.

“ಏನೂ ಆಗಲ್ಲ ಅಂತ ಹೇಳೋ ಅಧಿಕಾರ ನನಗಿಲ್ಲಮ್ಮ. ಮುಗಿದೇಹೋಯ್ತು ಅಂತ ಹೇಳೋ ಅಧಿಕಾರವೂ ಇಲ್ಲ. ಆ ತೀರ್ಪು ನನ್ನ ಕೈಯಲ್ಲಿದ್ದಿದ್ರೆ ಹೆದರಿ ಎಂದೋ ಓಡಿಹೋಗ್ತಿದ್ದೆ.”

ಅವರು ಹೋದರು. ‘ನು’ ಇದ್ದಲ್ಲೇ ಇತ್ತು.

“ನಿಮ್ಮ ಅಯ್ಯನವರಿಗೇ ಕಾಣಲಿಲ್ಲ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?” ಎಂದಳು ನಾದಿನಿ.

ಮರುದಿನ ಬೆಳಿಗ್ಗೆ ಚರ್ಚಿನ ಗಂಟೆ ಅಡ್ಡಾದಿಡ್ಡಿಯಾಗಿ ಬಡಿಯಿತು. ಬಾರಿಸುತ್ತಿದ್ದ ಕೈ ಬೇರೆ ಎಂದು ಬೀದಿಗೆಲ್ಲ ಗೊತ್ತಾಯಿತು. ಗಂಟೆ ತಾತ ಹೋಗಿದ್ದರು. ಮಧ್ಯಾಹ್ನದ ಆರಾಧನೆಗೆ ಹೊದಿಕೆ ಬೇಕಿತ್ತು.

ನಾನು ಅದನ್ನು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದೆ. ಆಚೆ ತುದಿಯಲ್ಲಿ ನಾದಿನಿ ಶಾಲೆಯ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

“ಇನ್ನೂ ಅದನ್ನೇ ನೋಡ್ತಾ ನಿಂತಿದ್ದೀರಾ?”

“ತಾತ ಜೀವಮಾನವೆಲ್ಲ ‘ಕ್ರಿಸ್ತನೇ’ ಅಂದವರು. ಇದನ್ನ ಹೊದಿಸಿದ್ರೆ ಅವರಿಗೆ ಮೋಸ ಮಾಡಿದ ಹಾಗೆ.”

ಅವಳು ಇಸ್ತ್ರಿಪೆಟ್ಟಿಗೆ ಕುಕ್ಕಿದಳು.

“ತಾತನಿಗೆ ಮೋಸ! ಮಕ್ಕಳು ಮೊಮ್ಮಕ್ಕಳು ಕೈ ಹಿಡ್ಕೊಂಡು ಕೂತಿದ್ರು ತಾತನಿಗೆ. ನಮ್ಮಣ್ಣನ ಹತ್ತಿರ ಯಾರಿದ್ರು, ಆ ಟ್ಯಾಂಕಿನ ಕೆಳಗೆ? ನಾನಿರ್ಲಿಲ್ಲ. ನೀವಿರ್ಲಿಲ್ಲ. ಅವನು ಯಾವ ದೇವರಿಗೂ ಕೈ ಮುಗಿದವನಲ್ಲ, ಹಾಗಾಗಿ ಯಾವ ದೇವರೂ ಬಂದಿರಲ್ಲ. ನಿಮ್ಮೋನು ಅಷ್ಟು ದೊಡ್ಡೋನಾದ್ರೆ ನಮ್ಮಣ್ಣನ್ನ ಅವನೇ ನೋಡ್ಕೋಬೇಕು! ಇನ್ಯಾರು ನೋಡ್ಕೋತಾರೆ ಅತ್ತಿಗೆ? ಅವನೇ ನೋಡ್ಕೋಬೇಕು!”

ಹೇಳಿದ್ದು ಏನೆಂದು ಅವಳಿಗೆ ಗೊತ್ತಾಗಲಿಲ್ಲ. ನನಗೆ ಕೇಳಿಸಿತು. ಆ ‘ನೇ’ಯನ್ನು ನಾನು ಕೈಬಿಟ್ಟಿದ್ದೆ, ಅಣ್ಣನಿಗಾಗಿ ಅವಳೇ ಅದನ್ನು ಕೂಗಿ ಕರೆದಿದ್ದಳು.

“ಇಸ್ತ್ರಿ!” ಎಂದೆ. ಅಂಗಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಅವಳು ಅಳುತ್ತಲೇ ಎತ್ತಿದಳು. ಜೇಬಿನ ಮೇಲೆ ಕಂದು ಗುರುತು ಬಿದ್ದಿತ್ತು. “ಹೋಯ್ತು. ಇದಕ್ಕೊಂದು ಹೊಸ ಜೇಬು” ಎಂದು ಮೂಗೊರೆಸಿಕೊಂಡಳು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಕಚೇರಿಗಳಲ್ಲಿ ಗುಮಾಸ್ತರು ಹೇಳುವುದು ನೆನಪಾಯಿತು: ಇದು ನಮ್ಮ ವಿಭಾಗ ಅಲ್ಲ, ಪಕ್ಕದ ಕಿಟಕಿಗೆ ಹೋಗಿ. ಅನೇಕ ಕರ್ತರಲ್ಲಿ ಆತನೂ ಒಬ್ಬನಾದರೆ, ಆತನೂ ಹಾಗೆ ಹೇಳಬಹುದು. ಚರ್ಚಿನೊಳಗೆ ಕೂತವರು ಆತನ ವಿಭಾಗ. ಗೇಟಿನ ಹತ್ತಿರ ಪೇಪರು ಓದುತ್ತಿದ್ದವರು ಯಾರದೋ. ತಾರಸಿಯ ಟ್ಯಾಂಕಿನ ಕೆಳಗಿನ ಆ ಇಕ್ಕಟ್ಟಾದ ನೆರಳು ಯಾರದೂ ಅಲ್ಲ. ನಮ್ಮವರಿಗೆ ಜಾಗ ಮಾಡಿಕೊಟ್ಟೆ ಎಂದುಕೊಂಡು ನಾನು ಅವರನ್ನು ಅಲ್ಲಿಯೇ ಒಂಟಿಯಾಗಿ ಬಿಟ್ಟಿದ್ದೆ. ಆತನೇ ಕರ್ತನಾದರೆ ಪಕ್ಕದ ಕಿಟಕಿ ಎಂಬುದೇ ಇಲ್ಲ. ಸಾವಿನೊಳಗೆ ಇಳಿದು ಎದ್ದು ಬಂದ ಆತನಿಗೆ ಆ ನೆರಳಿಗೂ ದಾರಿ ಗೊತ್ತಿದೆ. ಪಕ್ಕದ ಶಿಲುಬೆಯಲ್ಲಿ ಸಾಯುತ್ತಿದ್ದ ಕಳ್ಳನಿಗೆ, ಇಂದೇ ನನ್ನ ಜೊತೆ ಸ್ವರ್ಗದಲ್ಲಿರುತ್ತೀಯ ಎಂದು ಮಾತು ಕೊಡುವಾಗ ಆತ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಕಳ್ಳ ಬಾಯಿಬಿಟ್ಟು ಕೇಳಿಕೊಂಡಿದ್ದ, ನಿಜ. ನಮ್ಮವರು ಕೇಳಿಕೊಂಡರೋ ಇಲ್ಲವೋ, ನನಗೆ ತಿಳಿಯದು. ತಿಳಿದಿರುವುದು ಆತನಿಗೇ.

ಕತ್ತರಿಯ ತುದಿಯಿಂದ ‘ನು’ವಿನ ಕೊಂಬು ಬಿಚ್ಚತೊಡಗಿದೆ. ಒತ್ತಾದ ಹೊಲಿಗೆ, ಒಂದೊಂದೇ ಎಳೆ ಎತ್ತಬೇಕು, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ತಲೆಕಟ್ಟು ಬಿಚ್ಚಿ ಅಲ್ಲಿ ಏತ್ವ ಬಳಸಿದೆ. ಕೊಂಬು ಇದ್ದ ಜಾಗದಲ್ಲೇ ದೀರ್ಘ ಕೂರುತ್ತದೆ. ಆ ಅಕ್ಷರಕ್ಕೆ ಬೇರೆ ಜಾಗ ಹುಡುಕಬೇಕಾಗಲಿಲ್ಲ. ಮತ್ತೆ ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಕಾಣಲಿಲ್ಲ, ನನ್ನ ಕಣ್ಣು ಹಾಗಿತ್ತು.

“ಕೊಡಿ ಇಲ್ಲಿ.” ನಾದಿನಿ ಸೂಜಿ ಕಿತ್ತುಕೊಂಡಳು. ದಾರದ ತುದಿ ಬಾಯಲ್ಲಿಟ್ಟು ಪೋಣಿಸಿ ವಾಪಸು ಕೊಟ್ಟಳು. “ಚಿಲಕ ಮತ್ತೆ ಹಾಕ್ತಿದ್ದೀರಿ.”

“ನೀನೇ ಹಾಕಿಸ್ತಿರೋದು.”

“ನಾನಾ? ನಾನೇನು ಹೇಳಿದೆ?”

“ಅವನೇ ನೋಡ್ಕೋಬೇಕು ಅಂದೆಯಲ್ಲ.”

ಅವಳು ಬಟ್ಟೆಯ ಅಂಚನ್ನು ಬಿಗಿಯಾಗಿ ಎಳೆದು ಹಿಡಿದು ನಿಂತಳು. “ನಂಬಿ ಹಿಡ್ಕೊಂಡಿಲ್ಲ ನಾನು. ನೀವು ಸೊಟ್ಟ ಹೊಲಿದು ಅಂಗಡಿ ಮರ್ಯಾದೆ ಕಳೀಬಾರದು ಅಂತ” ಎಂದಳು.

ಮಧ್ಯಾಹ್ನ ತಾತನ ಪೆಟ್ಟಿಗೆಯ ಮೇಲೆ ಹೊದಿಕೆ ಹಾಸಿದರು. ಹತ್ತಿರದಿಂದ ನೋಡಿದರೆ ‘ನೇ’ ಸುತ್ತ ಹಳೆಯ ಕೊಂಬಿನ ಸೂಜಿ ತೂತುಗಳು ಕಾಣುತ್ತಿದ್ದವು. ಎಲ್ಲರೂ ಎದ್ದು ನಿಂತು ಆ ಮಾತು ಹೇಳಿದರು. ನನ್ನ ಸ್ವರ ಒಡೆದು ಬಂತು, ಪಕ್ಕದವರು ತಿರುಗಿ ನೋಡುವಷ್ಟು. ಆದರೆ ಬಂತು.

ಚರ್ಚಿನ ಅಂಗಳದಲ್ಲೇ ತೋಡಿದ್ದ ಸಮಾಧಿಯ ಹತ್ತಿರ ಹೊದಿಕೆ ತೆಗೆದು ನನ್ನ ಕೈಗೆ ಕೊಟ್ಟರು. ಪೆಟ್ಟಿಗೆ ಕೆಳಗಿಳಿಯಿತು. ಅಗಲವಾದ ಬಟ್ಟೆ, ಒಬ್ಬಳಿಂದ ಮಡಚಲು ಆಗುವುದಿಲ್ಲ. ಯಾರನ್ನು ಕರೆಯಲಿ ಎಂದು ತಲೆಯೆತ್ತಿದರೆ ನಾದಿನಿ ಗೇಟಿನ ಹತ್ತಿರ, ನಮ್ಮವರ ಸ್ಕೂಟರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದಳು. ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಒಳಗೆ ನಡೆದು ಬಂದು ಆಚೆ ತುದಿ ಹಿಡಿದಳು. ಮೂಲೆಗೆ ಮೂಲೆ ಸೇರಿಸಿ ಮಡಚುತ್ತಾ ಹತ್ತಿರ ಬಂದೆವು.

“ಅತ್ತಿಗೆ, ಅಣ್ಣನಿಗೂ ಅವನೇನಾ?”

“ಅಣ್ಣನಿಗೂ ಆತನೇ.”

“ಗ್ಯಾರಂಟಿನಾ, ಅಣ್ಣ ಚೆನ್ನಾಗಿದ್ದಾನೆ ಅಂತ?”

ಹೌದು ಎನ್ನಬೇಕೆನಿಸಿತು. ಅವಳ ಮುಖ ನೋಡಿ ಹಾಗೆನ್ನುವುದು ಸುಲಭವಾಗಿತ್ತು.

“ಗ್ಯಾರಂಟಿ ನನ್ನ ಹತ್ತಿರ ಇಲ್ಲ ಕಣೆ. ಆತನ ಹತ್ತಿರಾನೇ ಇದೆ.”

ಅವಳು ತನ್ನ ಕೈಯಲ್ಲಿದ್ದ ಮೂಲೆಗಳನ್ನು ನನ್ನ ಕೈಗಿಟ್ಟು, ಮಡಿಕೆಯ ಮೇಲೆ ಅಂಗೈಯಿಂದ ಒತ್ತಿ ಸುಕ್ಕು ತೆಗೆದಳು.